ಸಹಾಯ ಬೇಕು: ಕಬ್ಬು ಕಡಿಯೋ ಗ್ಯಾಂಗಿನವರಿಗೆ

ಎಲ್ಲರಿಗೂ ನಮಸ್ಕಾರ ರೀ. ಅಥಣಿ ಹತ್ರ ನಮ್ಮ ಹೊಲದ ಬಾಜೂಕ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಾಕ ಬಂದ 11 ಗಂಡ-ಹೆಂಡ್ತಿ ಜೋಡಿ, ಜೋಪಡಿ ಹಾಕ್ಯಾರ. ಕಾರ್ಖಾನಿ ನಿಲ್ಲೋ ತನಕ ಇಲ್ಲೇ ಇರ್ತಾರ.

ಮೊನ್ನೆ ಒಬ್ಬಾಕಿ ಕೊಯ್ತಾ (ಕಬ್ಬು ಕಡಿಯೋ ಕತ್ತಿ) ತಾಗಿ ಹೆಬ್ಬೆರಳ ಬುಡ ಕೊಯ್ಕೊಂಡ್ಳು. ಅರಿಶಿನ ಮೆತ್ತಿ, ಸೆರಗಿನ ಚೂರು ಸುತ್ತಿ ಮತ್ತ ಕಡಿಯಾಕ ನಿಂತಿದ್ಳು. ನಾನೇ ಗಾಡಿ ಮ್ಯಾಲೆ ಕರ್ಕೊಂಡ ಹೋಗಿ ಟಿಟಿ ಇಂಜೆಕ್ಷನ್ ಮಾಡಿಸ್ದೆ. ಒಂದಿನ ಕೆಲಸ ತಪ್ಪಿದ್ರ ಮುಕಾದಮ (ಗ್ಯಾಂಗ್ ಕರ್ಕೊಂಡ ಬರೋ ಮೇಸ್ತ್ರಿ) ಮುಂಗಡದಾಗ ಮುರ್ಕೊಂತಾನಂತ!

ಇನ್ನೊಬ್ಬಾಕಿಗೆ ಏಳು ತಿಂಗಳು. ತಾಯಿ ಕಾರ್ಡ್ ಊರಾಗೇ ಬಿಟ್ಟು ಬಂದಾಳ. ಇಲ್ಲಿ ಹೊಸಾದು ಮಾಡಿಸ್ಬೇಕೋ, ಕಾರ್ಡ್ ಇಲ್ದನೂ ತಪಾಸಣೆ ಮಾಡ್ತಾರೋ? ಗುಂಪಿನಾಗ ಆಶಾ ಅಕ್ಕನವರು, ನರ್ಸ್ ಅಕ್ಕನವರು ಇದ್ರ ತಿಳಸ್ರಿ. ನನಗ ಮರಾಠಿ ಬರ್ತೈತಿ, ಜೋಡಿ ನಾನೂ ಬರ್ತೀನಿ.

ರೇಷನ್ ಕಾರ್ಡ್ ಮಹಾರಾಷ್ಟ್ರದ್ದಿದ್ರೂ ಇಲ್ಲಿ ಧಾನ್ಯ ತಗೋಬಹುದು, ಅದು ಗೊತ್ತೈತಿ. ಆದ್ರ ಕಬ್ಬು ಹಿಡದ್ ಹಿಡದ್ ಬೆರಳಿನ ಗೆರಿ ಸವದಾವ, ಮಷೀನ್ ಹೆಬ್ಬೆಟ್ಟು ತಗೊಳವಲ್ದು. ಯಾರಾದ್ರೂ ಇದನ್ನ ಬಗೆಹರಿಸ್ಕೊಂಡವರು ಅದಾರೇನು?

ಸದ್ಯಕ್ಕ ಬೇಕಾಗಿದ್ದು ದಪ್ಪ ಕೈಗವಸು, ಓಆರ್‌ಎಸ್ ಪುಡಿ, ಮುಚ್ಚಳ ಇರೋ ನೀರಿನ ಡ್ರಮ್ಮು. ಹಳೇ ಸೀರಿ ಬ್ಯಾಡ್ರಿ, ಅವು ರಾಶಿ ಬಂದು ಬಿದ್ದಾವ. ಡ್ರಮ್ ಇದ್ದವರು ಹೇಳ್ರಿ, ಟ್ರ್ಯಾಕ್ಟರ್ ತಗೊಂಡು ನಾನೇ ಬಂದು ಒಯ್ತೀನಿ.