ಜಿಎಂಸಿ ಸಿಸಿಕೆಡಬ್ಲ್ಯೂ ಟ್ರಕ್: ಯಾವ ಪಾರ್ಟ್ ಒರಿಜಿನಲ್, ಯಾವುದು ಆಮೇಲೆ ಹಾಕಿದ್ದು ಅಂತ ಹೇಗೆ ಕಂಡುಹಿಡಿಯೋದು?

ಹಳೇಚಾಸಿ
ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಕಾಲದ ಜಿಎಂಸಿ ಸಿಸಿಕೆಡಬ್ಲ್ಯೂ 353, ಅದೇ ಎರಡೂವರೆ ಟನ್ನಿನ ಸಿಕ್ಸ್ ಬೈ ಸಿಕ್ಸ್ (ಮೂರೂ ಆಕ್ಸಲ್‌ಗೆ ಇಂಜಿನ್ ಶಕ್ತಿ ಹೋಗೋ) ಅಮೆರಿಕನ್ ಆರ್ಮಿ ಟ್ರಕ್, ಒಂದು ಕೈಗೆ ಬಂದಿದೆ. ಪೂರ್ತಿ ಬಿಚ್ಚಿ ರಿಸ್ಟೋರ್ ಮಾಡ್ಬೇಕು ಅಂತ ಬಹಳ ವರ್ಷದ ಆಸೆ, ಆದ್ರೆ ಬಿಚ್ಚೋ ಮುಂಚೆ ಯಾವುದು ಫ್ಯಾಕ್ಟರಿಯಿಂದಾನೇ ಬಂದಿದ್ದು ಯಾವುದು ಆಮೇಲೆ ಯಾರೋ ಸೇರಿಸಿದ್ದು ಅಂತ ತಿಳ್ಕೋಬೇಕು. ಡ್ಯಾಶ್ ಮೇಲಿನ ಪ್ಲೇಟಲ್ಲಿ ಡೆಲಿವರಿ ಮಾರ್ಚ್ 1943 ಅಂತಿದೆ, ಆದ್ರೆ ಪ್ಲೇಟ್ ಯಾಕೋ ಹೊಸದರ ಥರ ಹೊಳೀತಿದೆ. ಇಂಜಿನ್ ಬ್ಲಾಕ್ ಪಕ್ಕದಲ್ಲಿ 270 ಅಂತ ಉಬ್ಬಿದೆ, ಇನ್ನೊಂದು ಕಡೆ "ಬಿ 9 3" ಅಂತ ಇದೆ, ಅರ್ಥ ಆಗ್ಲಿಲ್ಲ. ಹಿಂದಿನ ಎರಡು ಆಕ್ಸಲ್ ನಡುವೆ ಗುಂಡಗೆ, ಬಾಂಜೋ ವಾದ್ಯದ ಥರದ್ದು, ಮುಂದಿಂದು ಮಾತ್ರ ಎರಡು ಹೋಳು ಸೇರಿಸಿ ಬೋಲ್ಟ್ ಹೊಡೆದ ಹಾಗಿದೆ. ಪೇಂಟ್ ನಾಲ್ಕೈದು ಕೋಟ್ ಇದೆ, ಮುಂದಿನ ವಾರ ಸ್ಯಾಂಡ್‌ಬ್ಲಾಸ್ಟಿಂಗಿಗೆ (ಮರಳು ಹೊಡೆದು ಪೇಂಟ್ ಪೂರ್ತಿ ತೆಗೆಯೋದು) ಕಳಿಸೋಣ ಅಂತಿದೀನಿ. ಗೊತ್ತಿರೋರು ಹೇಳಿ ಪ್ಲೀಸ್.

ಸ್ಪ್ಯಾನರ್‌ಸೆಟ್
ಸರ್ ಮೊದಲು ಆ ಸ್ಯಾಂಡ್‌ಬ್ಲಾಸ್ಟಿಂಗ್ ನಿಲ್ಸಿ, ಕೈ ಮುಗೀತೀನಿ. ಪ್ಲೇಟ್ ಹೊಸದು ಮಾಡಿಸಬಹುದು, ಪಾರ್ಟ್ ಬದಲಾಯಿಸಬಹುದು, ಆದ್ರೆ ಪೇಂಟಿನ ಕೆಳಗಡೆ ಇರೋದು ಒಂದ್ಸಲ ಹೋದ್ರೆ ಹೋಯ್ತು. ಬಾನೆಟ್‌ನ ಎರಡೂ ಪಕ್ಕ 600 ನಂಬರ್ ವಾಟರ್ ಪೇಪರಲ್ಲಿ ನೀರು ಹಾಕ್ಕೊಂಡು ನಿಧಾನಕ್ಕೆ ಒಂದೊಂದೇ ಕೋಟ್ ಇಳಿಸ್ತಾ ಬನ್ನಿ, ಆರ್ಮಿ ರಿಜಿಸ್ಟ್ರೇಷನ್ ನಂಬರ್ ಅಲ್ಲಿ ಬರೆದಿರ್ತಾರೆ. ಈ ಸೈಜಿನ ಅಮೆರಿಕನ್ ಟ್ರಕ್ ಆದ್ರೆ ನಂಬರ್ 4ರಿಂದ ಶುರು ಆಗತ್ತೆ. ಮೊದಮೊದಲು ನಂಬರನ್ನ ಮಂಕು ನೀಲಿ ಬಣ್ಣದಲ್ಲಿ ಬರೀತಿದ್ರು, ಆಲಿವ್ ಹಸಿರಿನ ಮೇಲೆ ಅದು ಸರಿಯಾಗಿ ಕಾಣೋದೇ ಇಲ್ಲ, ಆಮೇಲೆ ಬಿಳಿಗೆ ಬಂದ್ರು. ಹಾಗಾಗಿ ಬಿಳಿ ಸಿಕ್ತು ಅಂತ ನಿಲ್ಲಿಸ್ಬೇಡಿ, ಅದರ ಕೆಳಗೆ ನೀಲಿ ಇರಬಹುದು. ಸಿಕ್ಕಿದ್ದೆಲ್ಲ ಸ್ಕೇಲ್ ಇಟ್ಟು ಫೋಟೋ ತೆಗೀರಿ. ಹಳೇ ಪೇಂಟಲ್ಲಿ ಸೀಸ ಇರತ್ತೆ, ಒಣಗಿರೋವಾಗ ಉಜ್ಜಲೇಬೇಡಿ, ಮಾಸ್ಕ್ ಹಾಕ್ಕೊಳ್ಳಿ.

ಕಬ್ಬಿಣದಕಥೆ
ಬಿ 9 3 ಅಂದ್ರೆ ಎರಕದ ತಾರೀಖು. ಜಿಎಂ (ಜನರಲ್ ಮೋಟಾರ್ಸ್) ಎರಕದಲ್ಲಿ ಸಾಮಾನ್ಯವಾಗಿ ಎ ಅಂದ್ರೆ ಜನವರಿ, ಬಿ ಫೆಬ್ರವರಿ, ಹೀಗೇ ಎಲ್ ತನಕ, ಆಮೇಲೆ ದಿನ, ಕೊನೇಗೆ ವರ್ಷದ ಕೊನೇ ಅಂಕಿ. ಅಂದ್ರೆ ಫೆಬ್ರವರಿ 9. ಮಾರ್ಚ್ ಡೆಲಿವರಿ ಗಾಡಿಗೆ ಚೆನ್ನಾಗಿ ಹೊಂದತ್ತೆ, ಬ್ಲಾಕ್ ಯಾವಾಗ್ಲೂ ಗಾಡಿಗಿಂತ ಕೆಲವು ವಾರ ಮುಂಚೆ ಎರಕ ಆಗಿರ್ಬೇಕು, ಗಾಡಿಗಿಂತ ಆಮೇಲಿನ ತಾರೀಖು ಇದ್ರೆ ಅದು ಬದಲಾಯಿಸಿದ ಬ್ಲಾಕೇ. ಆದ್ರೆ ಇಲ್ಲೊಂದು ಮೋಸ ಇದೆ, ಆ 3 ಅನ್ನೋದು 1943 ಆಗಬಹುದು 1953 ಕೂಡ ಆಗಬಹುದು, ಯಾಕಂದ್ರೆ 270 (ಘನ ಇಂಚಿನ) ಇಂಜಿನ್ ಯುದ್ಧ ಮುಗಿದ್ಮೇಲೂ ಸಿವಿಲ್ ಟ್ರಕ್‌ಗೆ ಬರ್ತಾನೇ ಇತ್ತು. ಒಂದೇ ತಾರೀಖು ನಂಬ್ಕೊಂಡು ಕೂರಬೇಡಿ. ಹೆಡ್, ಮ್ಯಾನಿಫೋಲ್ಡ್, ಗೇರ್‌ಬಾಕ್ಸ್ ಎಲ್ಲಾ ಕಡೆ ಗ್ರೀಸ್ ಒರೆಸಿ ನೋಡಿ, ನಾಲ್ಕೈದು ತಾರೀಖು ಹತ್ತಿರ ಹತ್ತಿರ ಬಂದ್ರೆ ಧೈರ್ಯವಾಗಿ ಹೇಳಬಹುದು.

ಆಕ್ಸಲ್ ವಿಷಯ: ಈ ಟ್ರಕ್ ಎರಡು ಥರ ಬರ್ತಿತ್ತು, ಜಿಎಂ ಬಾಂಜೋ (ನಿಮ್ಮ ಹಿಂದಿನವು) ಅಥವಾ ಟಿಮ್ಕೆನ್ ಕಂಪನಿಯ ಸ್ಪ್ಲಿಟ್ (ನಿಮ್ಮ ಮುಂದಿನದರ ಥರ ಎರಡು ಹೋಳಿಂದು). ಒಂದೇ ಗಾಡಿಗೆ ಎರಡೂ ಮಿಕ್ಸ್ ಮಾಡಿ ಫ್ಯಾಕ್ಟರಿ ಕಳಿಸ್ತಿರ್ಲಿಲ್ಲ. ಟ್ರಾನ್ಸ್‌ಫರ್ ಕೇಸೂ (ಗೇರ್‌ಬಾಕ್ಸಿಂದ ಬರೋ ಶಕ್ತಿನ ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಹಂಚೋ ಪೆಟ್ಟಿಗೆ) ಆಕ್ಸಲ್‌ಗೆ ತಕ್ಕ ಹಾಗೆ ಬೇರೆ ಬೇರೆ. ಅದು ಯಾರ ಕಂಪನಿದು ನೋಡಿ, ಅದು ಜಿಎಂದಾದ್ರೆ ಬದಲಾಗಿರೋದು ಮುಂದಿನ ಆಕ್ಸಲ್.

ಪ್ಲೇಟಲ್ಲಿ ತಯಾರಕರ ಹೆಸರು ಏನಿದೆ?

ಹಳೇಚಾಸಿ
"ಜಿಎಂಸಿ ಟ್ರಕ್ ಅಂಡ್ ಕೋಚ್ ಡಿವಿಷನ್, ಜನರಲ್ ಮೋಟಾರ್ಸ್" ಅಂತಿದೆ.

ಕಬ್ಬಿಣದಕಥೆ
ಹಾಗಾದ್ರೆ ಆ ಪ್ಲೇಟ್ ನಿಮ್ಮ ಗಾಡಿದಲ್ಲ. ಮಾರ್ಚ್ 1943ರಲ್ಲಿ ಕಂಪನಿ ಹೆಸರು ಇನ್ನೂ ಯೆಲ್ಲೋ ಟ್ರಕ್ ಅಂಡ್ ಕೋಚ್, ಜಿಎಂ ಅದನ್ನ ಪೂರ್ತಿ ಕೊಂಡು ಹೆಸರು ಬದಲಾಯಿಸಿದ್ದು ಅದೇ ವರ್ಷದ ಕೊನೇ ಭಾಗದಲ್ಲಿ. ಈಚೆಗೆ ಮಾಡಿಸಿದ ಪ್ಲೇಟ್ ಮೇಲೆ ಯಾರೋ ತಾರೀಖು ಗುದ್ದಿದಾರೆ. ಆ ಮಾರ್ಚ್ ತಾರೀಖನ್ನ ಈಗ ಮರೆತುಬಿಡಿ, ಚಾಸಿಯ ಎಡಗಡೆ ರೈಲ್ ಮೇಲೆ ಗುದ್ದಿರೋ ನಂಬರಿಂದಾನೇ ಲೆಕ್ಕ ಶುರು ಮಾಡಿ.

ಡಿಪೋನೆನಪು
ನನ್ನದೊಂದು ಮಾತು. ಬದಲಾಗಿದೆ ಅಂದ ತಕ್ಷಣ ಸುಳ್ಳು ಪಾರ್ಟ್ ಅಂತ ಕಿತ್ತು ಎಸೀಬೇಡಿ. ಈ ಗಾಡಿಗಳನ್ನ ಯುದ್ಧ ಆದ್ಮೇಲೂ ಫ್ರಾನ್ಸ್, ನಾರ್ವೆ ಸೈನ್ಯಗಳು ವರ್ಷಗಟ್ಟಲೆ ಓಡಿಸಿದ್ವು, ಡಿಪೋದಲ್ಲಿ ಒಟ್ಟಿಗೆ ಬಿಚ್ಚಿ ಸಿಕ್ಕಿದ ಒಳ್ಳೇ ಆಕ್ಸಲ್ ಸಿಕ್ಕಿದ ಗಾಡಿಗೆ ಹಾಕ್ತಿದ್ರು. ಮುಂದಿನ ಆಕ್ಸಲ್ ಮೇಲೂ ಚಾಸಿ ಮೇಲೂ ಒಂದೇ ಥರ ಪೇಂಟ್ ಕೋಟ್ ಇದ್ರೆ ಅದು ಸೈನ್ಯದ ಕೈಯಲ್ಲೇ ಬದಲಾಗಿದ್ದು ಅಂತ ಲೆಕ್ಕ, ಅದೂ ಆ ಗಾಡಿ ಬದುಕಿದ ರೀತಿನೇ ಅಲ್ವಾ. ಬೋಲ್ಟ್‌ಗಳನ್ನೂ ನೋಡಿ, ಮೆಟ್ರಿಕ್ ಸ್ಪ್ಯಾನರ್ ಕೂರ್ತು ಅಂದ್ರೆ ಅಲ್ಲಿ ಯಾರೋ ಕೈ ಹಾಕಿದಾರೆ.

ಈ ಟ್ರಕ್‌ಗೆ ಅಮೆರಿಕನ್ ಆರ್ಮಿ ಮಾಡಿದ್ದ ಟಿಎಂ 9-801 ಮ್ಯಾನ್ಯುವಲ್ಲೂ ಜಿ-508 ಪಾರ್ಟ್ಸ್ ಲಿಸ್ಟೂ ಎರಡೂ ಇಟ್ಕೊಳ್ಳಿ, ಪಾರ್ಟ್ ನಂಬರ್ ಹೊಂದಿಸಿ ನೋಡೋಕೆ ಬೇಕೇ ಬೇಕು. ಬ್ರೇಕ್ ಡ್ರಮ್ ಬಿಚ್ಚೋವಾಗ ಏರ್ ಹೊಡೀಬೇಡಿ, ಹಳೇ ಲೈನಿಂಗಲ್ಲಿ ಆಸ್ಬೆಸ್ಟಾಸ್ ಇರತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಹಳೇಚಾಸಿ
ಬ್ಲಾಸ್ಟಿಂಗ್ ಕ್ಯಾನ್ಸಲ್ ಮಾಡ್ದೆ. ಇವತ್ತು ಬೆಳಗ್ಗೆಯಿಂದ ಬಾನೆಟ್ ಎಡಗಡೆ ಉಜ್ಜಿದೆ, ಮೇಲಿನ ಎರಡು ಹಸಿರು ಹೋದ್ಮೇಲೆ ಬಿಳಿ 4 ಕಾಣಿಸ್ತು, ನಿಜವಾಗ್ಲೂ ಕೈ ನಡುಗ್ತು. ಟ್ರಾನ್ಸ್‌ಫರ್ ಕೇಸ್ ಜಿಎಂದೇ. ಮುಂದಿನ ಆಕ್ಸಲ್ ಸದ್ಯಕ್ಕೆ ಹಾಗೇ ಇರ್ಲಿ, ನಾಳೆ ಅದರ ಪೇಂಟ್ ಕೋಟ್ ಚಾಸಿ ಜೊತೆ ಹೋಲಿಸಿ ಫೋಟೋ ಹಾಕ್ತೀನಿ.