ಸಹಾಯ ಬೇಕು: ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಪ್ರಬಂಧ ನೋಡಿಕೊಡೋರು ಇದ್ದೀರಾ?

ತಂಗಿ ನರ್ಸ್. ಬ್ರಿಟನ್‌ನ ಎನ್‌ಎಂಸಿ (ಅಲ್ಲಿನ ನರ್ಸಿಂಗ್ ಮಂಡಳಿ) ನೋಂದಣಿಗಾಗಿ ಐಇಎಲ್‌ಟಿಎಸ್ ಅಕಾಡೆಮಿಕ್‌ಗೆ ಓದ್ತಿದ್ದಾಳೆ. ರೈಟಿಂಗ್‌ನಲ್ಲಿ 6.5 ಬೇಕು, ಉಳಿದ ಮೂರರಲ್ಲಿ 7. ಮಾತು, ಓದು ಎಲ್ಲ ಸಲೀಸು. ಒದ್ದಾಟ ಇರೋದು ರೈಟಿಂಗ್‌ನ ಟಾಸ್ಕ್ 2ರಲ್ಲಿ, ಅಂದ್ರೆ ಪ್ರಬಂಧದಲ್ಲಿ. 40 ನಿಮಿಷದಲ್ಲಿ ಕನಿಷ್ಠ 250 ಪದ, ಅಂಕದಲ್ಲಿ ಟಾಸ್ಕ್ 1ರ ಎರಡು ಪಟ್ಟು ತೂಕ.

ವ್ಯಾಕರಣ ಪರವಾಗಿಲ್ಲ. ಆದ್ರೆ 'ಎಷ್ಟರ ಮಟ್ಟಿಗೆ ಒಪ್ಪುತ್ತೀರಿ' ಅಂತ ಕೇಳಿದ್ರೆ ಎರಡೂ ಕಡೆ ಬರೆದು, ತನ್ನ ನಿಲುವನ್ನ ಕೊನೇ ಸಾಲಿಗೆ ತಳ್ಳಿಬಿಡ್ತಾಳೆ. ಜೊತೆಗೆ ಕೋಚಿಂಗ್‌ನವರು ಬಾಯಿಪಾಠ ಮಾಡಿಸಿದ ಪೀಠಿಕೆ ಬೇರೆ. ಯಾವ ವಿಷಯಕ್ಕೂ ಹೊಂದುತ್ತೆ, ನನಗೆ ಅದೇ ಅನುಮಾನ!

ಈ ಪರೀಕ್ಷೆ ಬರೆದವರು, ಕಲಿಸೋರು ಯಾರಾದ್ರೂ ಒಂದೆರಡು ಪ್ರಬಂಧ ಓದಿ, ಯಾವ ಪ್ಯಾರಾದಲ್ಲಿ ವಾದ ಸಡಿಲ ಆಗುತ್ತೆ ಅಂತ ಹೇಳ್ತೀರಾ? ಕನ್ನಡದಲ್ಲೇ ವಿವರಿಸಿದ್ರೆ ಇನ್ನೂ ಅನುಕೂಲ. ಶುಲ್ಕ ಇದ್ರೆ ತಿಳಿಸಿ. ಟೆಂಪ್ಲೇಟ್ ಪಿಡಿಎಫ್ ಮಾತ್ರ ದಯವಿಟ್ಟು ಬೇಡ, ಮೊಬೈಲ್ ತುಂಬಾ ಅವೇ ಇವೆ.