14 ವೈನರಿಗಳ ಪಟ್ಟಿ, ಕೈಯಲ್ಲಿರೋದು 3 ದಿನ: ಯಾವುದನ್ನು ಉಳಿಸೋದು, ಯಾವುದನ್ನು ಬಿಡೋದು?

ತೋಟದದಾರಿ (ಪ್ರಶ್ನೆ)

ಸೆಪ್ಟೆಂಬರ್ ಕೊನೆಯ ವಾರ ನಾಲ್ಕು ಜನ ಮೂರು ದಿನದ ಮಟ್ಟಿಗೆ ವೈನ್ ಸೀಮೆ ಸುತ್ತಲು ಹೊರಟಿದ್ದೇವೆ. ಸ್ಪೇನಿನ ರಿಯೋಹಾ, ಫ್ರಾನ್ಸಿನ ಬೋರ್ಡೋ ಮತ್ತು ಷಾಂಪೇನ್, ಈ ಮೂರರಲ್ಲಿ ಯಾವುದು ಅನ್ನೋದು ಈ ವಾರ ತೀರ್ಮಾನ ಆಗಬೇಕು. ಪ್ರತಿಯೊಂದಕ್ಕೂ 14 ವೈನರಿಗಳ (ವೈನ್ ತಯಾರಿಸುವ ಜಾಗಗಳ) ಪಟ್ಟಿ ಮಾಡಿಟ್ಟಿದ್ದೇನೆ. ಎಲ್ಲವೂ ಹೆಸರುವಾಸಿ, ಎಲ್ಲಕ್ಕೂ ವಿಮರ್ಶಕರ ಒಳ್ಳೆಯ ಅಂಕ. ತೊಡಕು ಅಲ್ಲೇ ಇದೆ, ಅಂಕ ನೋಡಿ ಆರಿಸಲು ಹೋದರೆ ಒಂದನ್ನೂ ಬಿಡಲು ಮನಸ್ಸಾಗುತ್ತಿಲ್ಲ.

ಕೇಳಬೇಕಾಗಿರೋದು ಇಷ್ಟು: ದಿನಕ್ಕೆ ಎಷ್ಟು ವೈನರಿ ನೋಡಬಹುದು? ದೊಡ್ಡವು, ಚಿಕ್ಕವು ಯಾವ ಲೆಕ್ಕದಲ್ಲಿರಲಿ? ಮೊದಲೇ ಬುಕ್ ಮಾಡಲೇಬೇಕಾ? ನಮ್ಮಲ್ಲಿ ಒಬ್ಬರು ಕುಡಿಯುವುದಿಲ್ಲ, ಕಾರು ಅವರದೇ ಕೈಯಲ್ಲಿ. ಇನ್ನೊಬ್ಬರು ಪ್ರಾಣಿಜನ್ಯ ಪದಾರ್ಥ ಮುಟ್ಟುವುದಿಲ್ಲ. ವಾಪಸ್ ಬರುವಾಗ ಆರೇಳು ಬಾಟಲಿ ತರುವ ಆಸೆಯಿದೆ.

ಪೀಪಾಯಿ225

ದಿನಕ್ಕೆ ಮೂರು, ಅದಕ್ಕಿಂತ ಹೆಚ್ಚು ಬೇಡ. ಯಾಕೆ ಅಂತ ಲೆಕ್ಕ ಹಾಕಿ ನೋಡಿ.

ಒಂದು ಟೇಸ್ಟಿಂಗ್‌ನಲ್ಲಿ (ವೈನರಿಯಲ್ಲಿ ಕೂತು ರುಚಿ ನೋಡುವುದರಲ್ಲಿ) ಸಾಮಾನ್ಯವಾಗಿ ನಾಲ್ಕರಿಂದ ಆರು ವೈನ್ ಸುರಿಯುತ್ತಾರೆ, ಒಂದೊಂದೂ ಸುಮಾರು 30 ಮಿಲಿ. ಐದು ಅಂತ ಹಿಡಿದರೆ 150 ಮಿಲಿ ಆಯಿತು. ಮೂರು ಕಡೆ ಸೇರಿ 450 ಮಿಲಿ, ಅಂದರೆ 750 ಮಿಲಿ ಬಾಟಲಿಯ ಅರ್ಧಕ್ಕಿಂತ ಹೆಚ್ಚು. ಶೇ 13.5 ಆಲ್ಕೋಹಾಲ್ ಇರುವ ವೈನ್ ಆದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 48 ಗ್ರಾಂ. ದೇಹ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸುತ್ತದೆ. ಐದು ವೈನರಿ ಅಂದುಕೊಂಡರೆ ಒಂದು ಪೂರ್ತಿ ಬಾಟಲಿ ಒಬ್ಬರ ಹೊಟ್ಟೆಯೊಳಗೆ.

ಅಮಲಿನ ಮಾತು ಬಿಡಿ, ನಾಲಿಗೆಯೇ ಕೈಕೊಡುತ್ತದೆ. ಕೆಂಪು ವೈನಿನ ಟ್ಯಾನಿನ್ (ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವ ಪದಾರ್ಥ) ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದಲೇ ಬಾಯಿ ಒಗರಾಗೋದು. ಒಂದರ ಮೇಲೊಂದು ಕುಡಿದಂತೆ ಆ ಒಗರು ಏರುತ್ತಲೇ ಹೋಗುತ್ತದೆ. ಹನ್ನೆರಡನೆಯ ಲೋಟದ ಹೊತ್ತಿಗೆ ನೀವು ಸವಿಯುತ್ತಿರುವುದು ಹಿಂದಿನ ಹನ್ನೊಂದರ ಒಗರನ್ನು, ಎದುರಿಗಿರುವ ವೈನನ್ನಲ್ಲ. ನಡುವೆ ನೀರು, ಉಪ್ಪಿಲ್ಲದ ಬ್ರೆಡ್ಡಿನ ತುಂಡು ತೆಗೆದುಕೊಂಡರೆ ಸ್ವಲ್ಪ ಸುಧಾರಿಸುತ್ತದೆ. ಪೂರ್ತಿ ಅಲ್ಲ.

ಅದಕ್ಕೇ ನಿಮಗೆ ಅತಿ ಮುಖ್ಯ ಅನಿಸಿದ ವೈನರಿ ಬೆಳಿಗ್ಗೆ 10:30ಕ್ಕೆ ಇರಲಿ, ಆಗ ಮೂಗು ನಾಲಿಗೆ ಎರಡೂ ಚುರುಕು. ನೆಲಮಾಳಿಗೆ ತೋರಿಸಿ ವೈನ್ ಕೊಡುವ ಟೂರ್‌ಗೆ 90 ನಿಮಿಷ ಹಿಡಿಯುತ್ತದೆ. ನೆಲಮಾಳಿಗೆ ಪ್ರವಾಸ ದಿನಕ್ಕೆ ಒಂದೇ ಸಾಕು. ಸ್ಟೀಲ್ ಟ್ಯಾಂಕ್, ಪೀಪಾಯಿ, ಬಾಟಲಿ ತುಂಬುವ ಯಂತ್ರ ಮೂರನೇ ಸಲ ನೋಡುವಾಗ ಕಾಲು ನೋಯುವುದಷ್ಟೇ ಲಾಭ. ಊಟದ ನಂತರದ ಎರಡರಲ್ಲಿ ಬರೀ ಟೇಸ್ಟಿಂಗ್ ಕೇಳಿ, ತಲಾ ಒಂದು ಗಂಟೆ. ಎರಡರ ನಡುವೆ ಪ್ರಯಾಣದ ಸಮಯವಲ್ಲದೆ ಇನ್ನೂ 30 ನಿಮಿಷ ಖಾಲಿ ಬಿಡಿ.

ಹೊರಡುವ ದಿನ ಅತ್ತರು, ಪರ್ಫ್ಯೂಮ್ ಬೇಡ; ನಿಮ್ಮ ಮೂಗಿಗೂ ಪಕ್ಕದವರ ಮೂಗಿಗೂ ಅಡ್ಡ ಬರುತ್ತದೆ. ಮೊದಲ ಟೇಸ್ಟಿಂಗ್‌ಗೆ ಒಂದು ಗಂಟೆ ಮೊದಲೇ ಹಲ್ಲುಜ್ಜಿ ಮುಗಿಸಿರಿ, ಟೂತ್‌ಪೇಸ್ಟಿನ ನೊರೆ ಪದಾರ್ಥ ಎಲ್ಲವನ್ನೂ ಕಹಿ ಮಾಡುತ್ತದೆ. ರಾತ್ರಿ ಕೊನೆಯ ವೈನ್ ಆದ ತಕ್ಷಣ ಉಜ್ಜಬೇಡಿ. ಹುಳಿಯಿಂದ ಎನಾಮಲ್ ಮೆತ್ತಗಾಗಿರುತ್ತದೆ, ಬಾಯಿಗೆ ನೀರು ಹಾಕಿ ಮುಕ್ಕಳಿಸಿ ಅರ್ಧ ಗಂಟೆಯಾದರೂ ಬಿಡಿ.

ಇನ್ನು ಉಗುಳುವುದು. ಮೇಜಿನ ಮೇಲೆ ಪಾತ್ರೆ ಇಟ್ಟಿರುವುದೇ ಅದಕ್ಕೆ, ಯಾರೂ ತಪ್ಪು ತಿಳಿಯುವುದಿಲ್ಲ. ಒಂದು ಸಣ್ಣ ಗುಟುಕು, ಬಾಯಿ ತುಂಬ ಓಡಾಡಿಸಿ, ತುಟಿ ಮೊನಚು ಮಾಡಿ ಒಂದೇ ಧಾರೆಯಲ್ಲಿ ಪಾತ್ರೆಗೆ. ಬಗ್ಗಿ, ಹತ್ತಿರದಿಂದ ಉಗುಳಿದರೆ ಸಿಡಿಯುವುದಿಲ್ಲ. ಆದರೆ ಉಗುಳಿದವರೂ ಸ್ವಲ್ಪ ಹೀರಿಕೊಂಡಿರುತ್ತಾರೆ, ಆದ್ದರಿಂದ ಸ್ಟಿಯರಿಂಗ್ ಅವರಿಗೆ ಬೇಡ. ನಿಮಗೆ ಕುಡಿಯದ ಚಾಲಕರು ಇರುವುದು ದೊಡ್ಡ ಅನುಕೂಲ.

ಚಾಟನಿಕಾಲ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಅದು ಎಷ್ಟು ಅನ್ನುವುದಕ್ಕೆ ಉತ್ತರ. ಯಾವುದು ಅನ್ನುವುದೇ ಕಷ್ಟದ ಪ್ರಶ್ನೆ, ಅದಕ್ಕೆ ಅಂಕ ಉಪಯೋಗಕ್ಕೆ ಬರುವುದಿಲ್ಲ. ಅಂಕ ಬಾಟಲಿಗೆ ಕೊಟ್ಟಿದ್ದು, ಭೇಟಿಗೆ ಅಲ್ಲ.

ವ್ಯತ್ಯಾಸ ನೋಡಿ ಆರಿಸಿ. ಒಂದೇ ದಿನ ನೋಡುವ ಮೂರು ವೈನರಿಗಳಲ್ಲಿ ಒಂದು ಸಂಗತಿ ಬದಲಾಗಬೇಕು, ಉಳಿದದ್ದು ಆದಷ್ಟು ಒಂದೇ ಇರಬೇಕು. ಹಾಗಿದ್ದರೆ ಮಾತ್ರ ನಾಲಿಗೆಗೆ ಏನಾದರೂ ತಿಳಿಯುತ್ತದೆ.

ನಿಮ್ಮ ಮೂರು ಸೀಮೆಗಳನ್ನೇ ತೆಗೆದುಕೊಳ್ಳಿ. ಷಾಂಪೇನ್‌ನಲ್ಲಿ ರ‍್ಯಾಂಸ್ ಅಥವಾ ಎಪರ್ನೇ ಊರಿನ ಒಂದು ದೊಡ್ಡ ಮನೆ (ವೈನ್ ಕಂಪನಿಗೆ ಹಾಗೆ ಹೇಳುವುದು), ಹಳ್ಳಿಯ ಒಬ್ಬ ಬೆಳೆಗಾರ, ಒಂದು ಸಹಕಾರ ಸಂಘ ಸಾಕು. ಯಾವುದು ಯಾವ ಬಗೆ ಅಂತ ತಿಳಿಯಲು ಲೇಬಲ್ಲಿನ ಕೆಳಗಡೆ, ಕಣ್ಣು ಕಿರಿದು ಮಾಡಿ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಅದರ ಮುಂದೆ ಎರಡು ಅಕ್ಷರ. ಆರ್‌ಎಂ ಅಂದರೆ ತಾನೇ ಬೆಳೆದು ತಾನೇ ವೈನ್ ಮಾಡುವವನು. ಎನ್‌ಎಂ ಅಂದರೆ ದ್ರಾಕ್ಷಿಯನ್ನು ಕೊಂಡೂ ಮಾಡುವ ಮನೆ, ದೊಡ್ಡ ಹೆಸರುಗಳೆಲ್ಲ ಹೆಚ್ಚುಕಡಿಮೆ ಇದರಲ್ಲೇ. ಸಿಎಂ ಅಂದರೆ ಸಹಕಾರ ಸಂಘ. ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ನಿಂತೇ ನಿಮ್ಮ ಪಟ್ಟಿ ಸೋಸಬಹುದು. ದೊಡ್ಡ ಮನೆಗಳನ್ನು ಪೂರ್ತಿ ಬಿಡಬೇಡಿ. ರ‍್ಯಾಂಸ್ ಊರಿನ ಕೆಳಗೆ ಸುಣ್ಣಕಲ್ಲಿನಲ್ಲಿ ಕೊರೆದ ಗವಿಗಳು, ಅದರಲ್ಲಿ ಸಾಲುಸಾಲು ಬಾಟಲಿ, ಇದು ಚಿಕ್ಕವರಲ್ಲಿ ಸಿಗುವುದಿಲ್ಲ.

ಬೋರ್ಡೋ ಆದರೆ ನದಿಯ ಒಂದೊಂದು ದಡಕ್ಕೆ ಒಂದೊಂದು ದಿನ. ಎಡದಂಡೆಯ ಜಲ್ಲಿ ನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ದ್ರಾಕ್ಷಿ ಮುಂದು, ಬಲದಂಡೆಯ ಜೇಡಿ ನೆಲದಲ್ಲಿ ಮೆರ್ಲೋ ದ್ರಾಕ್ಷಿ. ಎರಡನ್ನೂ ಒಂದೇ ದಿನ ಹಾಕಿಕೊಂಡು ಎಡದಂಡೆಯ ಪೊಯಾಕ್‌ನಿಂದ ಬಲದಂಡೆಯ ಸೇಂಟ್ ಎಮಿಲಿಯೋನ್‌ಗೆ ಓಡಿದರೆ ಸುಮಾರು ಒಂದೂವರೆ ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಇನ್ನೊಂದು ವಿಷಯ: 1855ರ ವರ್ಗೀಕರಣದ (ದರ್ಜೆ ಪಟ್ಟಿಯ) ದೊಡ್ಡ ಶಾಟೋಗಳು (ವೈನ್ ಎಸ್ಟೇಟುಗಳು) ತಮ್ಮ ವೈನನ್ನು ಬಹುಪಾಲು ವ್ಯಾಪಾರಿಗಳ ಮೂಲಕವೇ ಮಾರುತ್ತವೆ. ಎಷ್ಟೋ ಕಡೆ ಗೇಟಿನಲ್ಲಿ ಬಾಟಲಿ ಕೊಳ್ಳಲು ಸಿಗುವುದೇ ಇಲ್ಲ. ಬಾಟಲಿ ತರಬೇಕು ಅನ್ನುವ ನಿಮಗೆ ಇದು ಮುಖ್ಯ.

ರಿಯೋಹಾದಲ್ಲಿ ಬದಲಾಗಬೇಕಾದದ್ದು ಮರ ಮತ್ತು ಕಾಲ. ಹಳೆಯ ರೀತಿಯವರು ಪೀಪಾಯಿಗೆ ಅಮೆರಿಕನ್ ಓಕ್ ಮರ ಬಳಸುತ್ತಾರೆ, ಅದರಿಂದ ತೆಂಗಿನಕಾಯಿ, ವೆನಿಲಾ ವಾಸನೆ. ಹೊಸ ರೀತಿಯವರು ಫ್ರೆಂಚ್ ಓಕ್ ಕಡೆಗೆ ಹೋಗಿದ್ದಾರೆ. ಕೆಂಪು ವೈನಿನಲ್ಲಿ ಕ್ರಿಯಾನ್ಸಾ ಅಂದರೆ ಮಾರುವ ಮೊದಲು ಕನಿಷ್ಠ 2 ವರ್ಷ ಹಳತಾಗಿಸಿದ್ದು, ರೆಸರ್ವಾ 3, ಗ್ರಾನ್ ರೆಸರ್ವಾ 5. ಮೊದಲೆರಡಕ್ಕೆ ಕನಿಷ್ಠ ಒಂದು ವರ್ಷ ಪೀಪಾಯಿಯಲ್ಲಿ, ಕೊನೆಯದಕ್ಕೆ ಎರಡು. ಮೂರನ್ನೂ ಒಂದೇ ಮನೆಯಲ್ಲಿ ಒಟ್ಟಿಗೆ ಸುರಿಸಿಕೊಳ್ಳಿ. ಕೆಂಪು ಬಣ್ಣ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗುವುದು ಲೋಟ ಓರೆ ಮಾಡಿ ಬಿಳಿ ಕಾಗದದ ಮೇಲೆ ಹಿಡಿದರೆ ಕಣ್ಣಿಗೇ ಕಾಣುತ್ತದೆ.

ಮೊದಲ ಸಲ ಹೋಗುವವರಿಗೆ, ಅದೂ ಮೂರೇ ದಿನಕ್ಕೆ, ನಾನು ಹೇಳುವುದು ರಿಯೋಹಾ. ಆರೋ ಊರಿನ ರೈಲು ನಿಲ್ದಾಣದ ಸುತ್ತ ಲೋಪೆಸ್ ದೆ ಎರೆದಿಯಾ, ಕೂನೆ, ಮುಗಾ, ಲಾ ರಿಯೋಹಾ ಆಲ್ತಾ ಮುಂತಾದವು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಹಿಂದೆ ವೈನನ್ನು ರೈಲಿಗೆ ಏರಿಸಲು ಸುಲಭವಾಗಲಿ ಅಂತ ಅಲ್ಲೇ ಕಟ್ಟಿದ್ದು. ಒಂದು ದಿನ ಕಾರನ್ನೇ ಮುಟ್ಟಬೇಕಾಗಿಲ್ಲ.

ನೆಲಮಾಳಿಗೆ_ತಂಪು

ಬುಕಿಂಗ್ ಬಗ್ಗೆ ಯಾರೂ ಹೇಳಿಲ್ಲ. ಸೆಪ್ಟೆಂಬರ್ ಕೊನೆ ಅಂದರೆ ಕೊಯ್ಲಿನ ಕಾಲ. ಉತ್ತರ ಗೋಳಾರ್ಧದಲ್ಲಿ ಆಗಸ್ಟ್‌ನಿಂದ ಅಕ್ಟೋಬರ್, ದಕ್ಷಿಣದಲ್ಲಿ ಫೆಬ್ರುವರಿಯಿಂದ ಏಪ್ರಿಲ್. ಷಾಂಪೇನ್‌ನಲ್ಲಿ ಆ ಹೊತ್ತಿಗೆ ಕೊಯ್ಲು ಮುಗಿದಿರುವ ಸಾಧ್ಯತೆಯೇ ಹೆಚ್ಚು, ರಿಯೋಹಾದಲ್ಲಿ ಭರದಿಂದ ನಡೆಯುತ್ತಿರುತ್ತದೆ. ನೋಡಲು ಚೆಂದ. ಆದರೆ ಮನೆಮಂದಿಯೇ ನಡೆಸುವ ಚಿಕ್ಕ ವೈನರಿಗಳು ಆ ವಾರಗಳಲ್ಲಿ ಬಾಗಿಲು ತೆರೆಯುವುದಿಲ್ಲ, ಏಕೆಂದರೆ ಲೋಟಕ್ಕೆ ಸುರಿಯಬೇಕಾದ ಕೈಯೇ ಹಣ್ಣು ಇಳಿಸುತ್ತಿರುತ್ತದೆ. ಈಗಲೇ ಬರೆಯಿರಿ. ಆರು ವಾರ ಮೊದಲು ಬರೆದರೆ ಇನ್ನೊಂದನ್ನು ಹುಡುಕಲು ಸಮಯ ಉಳಿಯುತ್ತದೆ.

ಬರೆಯುವಾಗ ದಿನಾಂಕ, ಎರಡು ಪರ್ಯಾಯ ಸಮಯ, ಎಷ್ಟು ಜನ, ಅದರಲ್ಲಿ ಎಷ್ಟು ಜನ ಕುಡಿಯುವವರು, ಯಾವ ಭಾಷೆಯಲ್ಲಿ ಟೂರ್ ಬೇಕು, ಇವಿಷ್ಟೂ ಮೊದಲ ಪತ್ರದಲ್ಲೇ ಇರಲಿ. ಕುಡಿಯದವರಿಗೆ ಶುಲ್ಕ ಕಡಿಮೆಯಾ, ದ್ರಾಕ್ಷಿ ರಸ ಕೊಡುತ್ತಾರಾ ಅಂತ ಕೇಳಿ. ಆ ದಿನ ಮಾರಾಟಕ್ಕೆ ಏನೇನಿದೆ ಅಂತಲೂ ಕೇಳಿ, ಚಿಕ್ಕವರಲ್ಲಿ ಒಳ್ಳೆಯ ವರ್ಷದ ವೈನ್ ಬೇಗ ಖಾಲಿಯಾಗುತ್ತದೆ. ಸಂದರ್ಶಕರ ಗೇಟು ಯಾವುದು ಅನ್ನುವುದನ್ನೂ ಬರೆಸಿಕೊಳ್ಳಿ. ಮ್ಯಾಪ್ ಎಷ್ಟೋ ಸಲ ತೋಟದ ನಡುವಿಗೆ ಕರೆದೊಯ್ದು ನಿಲ್ಲಿಸುತ್ತದೆ, ಅಲ್ಲಿ ಫೋನ್ ಸಿಗ್ನಲ್ಲೂ ಇರುವುದಿಲ್ಲ. ಭಾನುವಾರ, ಸೋಮವಾರ, ಮಧ್ಯಾಹ್ನದ ಊಟದ ಹೊತ್ತು ಮುಚ್ಚುವವರು ಬಹಳ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ, ನಿಮಗಾಗಿ ಬಾಟಲಿ ತೆರೆದಿಟ್ಟಿರುತ್ತಾರೆ.

ಕೊಯ್ಲಿನಲ್ಲಿ ಹೋಗುವವರು ಮುಚ್ಚಿದ ಬೂಟು ಹಾಕಿ, ನೆಲವೆಲ್ಲ ನೀರು, ರಸ, ಮೇಲೆ ಪೈಪುಗಳು. ನೆಲಮಾಳಿಗೆಯಲ್ಲಿ 12-14 ಡಿಗ್ರಿ ಇರುತ್ತದೆ, ಮೇಲೊಂದು ಸ್ವೆಟರ್ ಬೇಕು. ಹುದುಗುತ್ತಿರುವ ತೊಟ್ಟಿಯ ಮೇಲೆ ಬಗ್ಗಿ ಮೂಸಿ ನೋಡಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಒಂದು ಲೀಟರ್ ರಸ ವೈನ್ ಆಗುವಾಗ 40 ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗಾಳಿಗಿಂತ ಭಾರವಾದ್ದರಿಂದ ತೊಟ್ಟಿಯ ಬಾಯಲ್ಲಿ, ತಗ್ಗಿನಲ್ಲಿ ನಿಂತುಬಿಡುತ್ತದೆ. ಎರಡು ಉಸಿರಿಗೆ ತಲೆ ಸುತ್ತಿ ಒಳಗೆ ಬೀಳಬಹುದು.

ತೋಟದದಾರಿ

ಎಲ್ಲರಿಗೂ ಧನ್ಯವಾದ. ರಿಯೋಹಾ ಅಂತ ತೀರ್ಮಾನಿಸಿದೆವು. ಕರಡು ಹೀಗಿದೆ: ಮೊದಲ ದಿನ ಆರೋದಲ್ಲಿ ಲೋಪೆಸ್ ದೆ ಎರೆದಿಯಾ, ಮುಗಾ, ಕೂನೆ. ಎರಡನೇ ದಿನ ಲಾಗ್ವಾರ್ದಿಯಾ ಊರಿನ ಕಡೆ ಕಟ್ಟಡಕ್ಕೆ ಹೆಸರಾದ ಮೂರು. ಮೂರನೇ ದಿನ ಸಂಜೆ ವಿಮಾನಕ್ಕೆ ಮೊದಲು ಇನ್ನೆರಡು. ಪ್ರಾಣಿಜನ್ಯ ಬೇಡದವರು ಏನು ಕೇಳಬೇಕು? ಬಾಟಲಿ ಹೇಗೆ ತರೋದು?

ಚಾಟನಿಕಾಲ

ಮೊದಲ ದಿನ ಚೆನ್ನಾಗಿದೆ. ಎರಡನೇ ದಿನ ಬದಲಿಸಿ. ವಾಸ್ತುಶಿಲ್ಪಿ ಗೆರಿ ವಿನ್ಯಾಸದ ಹೋಟೆಲ್ ಇರುವ ಮಾರ್ಕೆಸ್ ದೆ ರಿಸ್ಕಾಲ್, ವಾಸ್ತುಶಿಲ್ಪಿ ಕಲಾತ್ರಾವಾ ವಿನ್ಯಾಸದ ಇಸಿಯೋಸ್, ಇಂಥವು ಮೂರೂ ಒಂದೇ ದಿನ ಬಂದರೆ ವೈನ್ ಹಿಂದೆ ಸರಿದು ಛಾವಣಿಯಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಒಂದನ್ನು ಇಟ್ಟುಕೊಳ್ಳಿ, ಇನ್ನೊಂದನ್ನು ಹೊರಗಿನಿಂದ ನೋಡಿ, ಆ ಜಾಗಕ್ಕೆ ಲಾಗ್ವಾರ್ದಿಯಾ ಹಳೆಯ ಪೇಟೆಯಲ್ಲಿ ಮನೆಯ ಕೆಳಗೇ ಗವಿ ಇರುವ ಒಂದು ಚಿಕ್ಕ ವೈನರಿ ಹಾಕಿ. ಊರಿನ ಕೆಳಗೆಲ್ಲ ಗವಿಗಳಿರುವುದರಿಂದ ಕೋಟೆಯೊಳಗೆ ಕಾರು ಬಿಡುವುದಿಲ್ಲ, ಹೊರಗೆ ನಿಲ್ಲಿಸಿ ನಡೆಯಬೇಕು. ವಿಮಾನದ ದಿನ ಒಂದೇ ಸಾಕು, ಅದೂ ಬೆಳಿಗ್ಗೆ.

ಪ್ರಾಣಿಜನ್ಯದ ವಿಷಯಕ್ಕೆ ಕೇಳಬೇಕಾದ ಪ್ರಶ್ನೆ ಒಂದೇ: ವೈನನ್ನು ತಿಳಿಗೊಳಿಸಲು ಏನು ಬಳಸುತ್ತೀರಿ? ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಮೀನಿನ ಅಂಟು, ಜೆಲಟಿನ್ ಎಲ್ಲವೂ ಬಳಕೆಯಲ್ಲಿವೆ. ಬೆಂಟೋನೈಟ್ ಒಂದು ಬಗೆಯ ಜೇಡಿಮಣ್ಣು, ತೊಂದರೆಯಿಲ್ಲ. ಏನನ್ನೂ ಹಾಕದೆ ಗಷ್ಟು ತಾನಾಗಿ ಇಳಿಯಲು ಬಿಡುವವರೂ ಇದ್ದಾರೆ. ಮುಗಾ ಕೆಂಪು ವೈನಿಗೆ ಮೊಟ್ಟೆಯ ಬಿಳಿ ಬಳಸುವುದಕ್ಕೇ ಹೆಸರಾದ ಮನೆ, ಹಾಗಾಗಿ ನಿಮ್ಮ ಸ್ನೇಹಿತರು ಅಲ್ಲಿ ಟೂರ್ ಮಾತ್ರ ಮಾಡಬಹುದು. ಮುಗಾದವರು ತಮ್ಮ ಪೀಪಾಯಿ ತಾವೇ ಮಾಡಿಕೊಳ್ಳುವುದನ್ನು ನೋಡುವುದಕ್ಕೇ ಹೋಗಬೇಕು.

ಪೀಪಾಯಿ225

ಬಾಟಲಿ: ತುಂಬಿದ್ದು ಒಂದಕ್ಕೆ ಸುಮಾರು 1.3 ಕೆಜಿ, ದಪ್ಪ ಗಾಜಿನದಾದರೆ ಇನ್ನೂ ಹೆಚ್ಚು. ಏಳು ಬಾಟಲಿಗೆ 9-10 ಕೆಜಿ ಹಿಡಿಯಿರಿ. ಶೇ 24ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವುದಕ್ಕೆ ಚೆಕ್-ಇನ್ ಲಗೇಜಿನಲ್ಲಿ ವಿಮಾನ ಸುರಕ್ಷತೆಯ ಮಿತಿಯಿಲ್ಲ, ಇಳಿಯುವ ದೇಶದ ಸುಂಕದ ಮಿತಿ ಮಾತ್ರ ಬೇರೆ, ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ.

ಹಾಳಾಗುವುದು ಹೆಚ್ಚಾಗಿ ವಿಮಾನದಲ್ಲಲ್ಲ, ಕಾರಿನಲ್ಲಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 20 ಡಿಗ್ರಿಗೂ ಹೆಚ್ಚು ಏರುತ್ತದೆ. ವೈನ್ ಹಿಗ್ಗಿ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ, ಬದಿಯಿಂದ ಜಿನುಗುತ್ತದೆ, ಹಣ್ಣಿನ ವಾಸನೆ ಹೋಗಿ ಬೇಯಿಸಿದ ಜಾಮಿನ ವಾಸನೆ ಬರುತ್ತದೆ. ಕಾರ್ಕ್ ಬಾಯಿಂದ ಕೂದಲೆಳೆಯಷ್ಟು ಮೇಲೆದ್ದು ಮುಚ್ಚಳದ ಹಾಳೆ ಉಬ್ಬಿದ್ದರೆ ಅದು ಆಗಿಹೋಗಿದೆ ಅಂತಲೇ. ಹೋಗುವಾಗಲೇ ಒಂದು ಥರ್ಮೋಕೋಲ್ ಡಬ್ಬಿ ಡಿಕ್ಕಿಯಲ್ಲಿಡಿ, ಕೊಂಡದ್ದು ನೇರ ಅದಕ್ಕೆ, ರಾತ್ರಿ ಡಬ್ಬಿ ಸಮೇತ ಕೋಣೆಗೆ. ಇನ್ನೂ ಒಳ್ಳೆಯದು, ದಿನದ ಕೊನೆಯ ವೈನರಿಯಲ್ಲಿ ಮಾತ್ರ ಕೊಳ್ಳುವುದು.

ಸೂಟ್‌ಕೇಸಿನಲ್ಲಿ ಪ್ರತಿ ಬಾಟಲಿಗೂ ಮೊದಲು ಗಟ್ಟಿ ಪ್ಲಾಸ್ಟಿಕ್ ಚೀಲ, ಗಾಳಿ ತೆಗೆದು ಕಟ್ಟಿ, ಆಮೇಲೆ ಬಟ್ಟೆ. ನಾಲ್ಕೂ ಬದಿಗೆ ನಾಲ್ಕು ಬೆರಳಿನಷ್ಟು ಬಟ್ಟೆ ಇರಬೇಕು, ಕುತ್ತಿಗೆ ಅಂಚಿಗೆ ತಾಗಬಾರದು. ಗಾಜಿಗೆ ಗಾಜು ತಗುಲದ ಹಾಗೆ ತಲೆ-ಬುಡ ಅದಲುಬದಲು ಮಲಗಿಸಿ. ಗ್ರಾನ್ ರೆಸರ್ವಾ ತಂದರೆ ಮನೆಯಲ್ಲಿ ಎರಡು ವಾರವಾದರೂ ಅಲುಗಿಸದೆ ಬಿಡಿ, ಕುಡಿಯುವ ಹಿಂದಿನ ದಿನ ನೆಟ್ಟಗೆ ನಿಲ್ಲಿಸಿದರೆ ಗಷ್ಟು ತಳಕ್ಕೆ ಇಳಿಯುತ್ತದೆ.